ಲೈಟ್ ಮುನಿಯಣ್ಣ ಬುಧನನ್ನು ತೋರಿಸಿದ್ದು

ಹಲಸೂರಿನ ಬಜಾರು ಬೀದಿಯ ಹಿಂದಿನ ಗಲ್ಲಿಯಲ್ಲಿ ಮುನಿವೆಂಕಟಪ್ಪನ ಮನೆ. ಆ ಮನೆಯಲ್ಲಿ ದೇವರು ಫ್ರಿಜ್ಜಿನ ಮೇಲಿರುತ್ತಾರೆ, ಹಳೇ ಬಲ್ಬುಗಳು ಕೋಣೆಯಲ್ಲಿರುತ್ತವೆ. ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗಲಿ! ಮನೆದೇವರು ಮುನೇಶ್ವರ, ಪಕ್ಕದಲ್ಲಿ ತಿರುಪತಿ ತಿಮ್ಮಪ್ಪ, ಅವನ ಮಗ್ಗುಲಲ್ಲಿ ಎಲ್ಲಮ್ಮ, ಮೂವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ; ಫ್ರಿಜ್ಜಿನ ಮೋಟಾರು ಶುರುವಾದಾಗಲೆಲ್ಲ ಮೂವರೂ ಗಡಗಡ ನಡುಗುತ್ತಾರೆ. ಇತ್ತ ಹತ್ತಡಿಗೆ ಹನ್ನೆರಡಡಿಯ ಇಡೀ ಕೋಣೆಯನ್ನು ಟ್ಯೂಬ್‌ಲೈಟು, ಸೋಡಿಯಂ ಲೈಟು, ಚೋಕು, ದೀಪಕ್ಕೆ ಮುಚ್ಚುವ ತಗಡಿನ ಟೋಪಿಗಳು ಹಿಡಿದುಕೊಂಡಿವೆ. ಮೂವತ್ತೊಂಬತ್ತು ವರ್ಷ ಬೀದಿದೀಪದ ವೈರ್‌ಮನ್ ಆಗಿದ್ದವನ ಆಸ್ತಿ ಅದು. ಗಲ್ಲಿಗೆಲ್ಲ ಅವನು ಲೈಟ್ ಮುನಿಯಣ್ಣ.

೨೦೨೫ರ ಮಾರ್ಚ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹೆಂಡತಿ ಬೈರಮ್ಮ ದೇವರಿಗೆ ಹೂವಿಡುತ್ತಿದ್ದಳು. ಫ್ರಿಜ್ಜು ಒಮ್ಮೆ ಜೋರಾಗಿ ಅದುರಿತು. ಮುನೇಶ್ವರನ ಪಟ ಕೆಳಗಿದ್ದ ಮೊಸರಿನ ಪಾತ್ರೆಗೆ ಬೋರಲು ಬಿತ್ತು. ಆಯಿತು, ಇನ್ನೇನು ಬೇಕು? ಬೈರಮ್ಮ ಸೆರಗು ಸಿಕ್ಕಿಸಿಕೊಂಡು ನಡುಮನೆಗೆ ಬಂದಳು.

"ಭಾನುವಾರಕ್ಕೆ ಆ ಕೋಣೆ ಖಾಲಿ ಆಗ್ಬೇಕು. ದೇವರಮನೆ ಮಾಡ್ತೀನಿ. ಶೌಕತ್ ಭಾಯಿಗೆ ಫೋನ್ ಮಾಡಿ, ಗಾಡಿ ತಂದು ಎಲ್ಲಾ ತುಂಬ್ಕೊಂಡು ಹೋಗ್ಲಿ."

ಶೌಕತ್ ಎಂದರೆ ಮುನಿಯಣ್ಣನ ಜೀವದ ಗೆಳೆಯ. ರಸೆಲ್ ಮಾರುಕಟ್ಟೆಯ ಹಿಂದೆ ಹಳೇ ಎಲೆಕ್ಟ್ರಿಕ್ ಸಾಮಾನಿನ ಗುಜರಿ ಅಂಗಡಿ ಇಟ್ಟವನು.

"ಎಲ್ಲಾನೂನಾ?" ಎಂದ ಮುನಿಯಣ್ಣ.

"ಎಲ್ಲಾನೂ."

"ನಮ್ಮ ಲೈಟೂ?"

ಬೈರಮ್ಮ ಕೋಣೆಯ ಬಾಗಿಲಿನತ್ತ ನೋಡಿದಳು. ಆಮೇಲೆ, "ಅದೇ ಮೊದಲು. ಒಡೆದ್ರೆ ಒಳಗಿರೋ ಪಾದರಸ ವಿಷವಂತೆ. ಮನೇಲಿ ಮಕ್ಕಳು ಮರಿ ಓಡಾಡ್ತವೆ" ಎಂದಳು.

ಆ ಲೈಟಿನ ಕಥೆ ಹೇಳದೆ ಮುಂದೆ ಹೋದರೆ ನಿಮಗೂ ನನಗೂ ಜಗಳವಾಗುತ್ತದೆ, ಆದ್ದರಿಂದ ಹೇಳಿಬಿಡುತ್ತೇನೆ. ಎಂಬತ್ತಮೂರನೇ ಇಸವಿ. ಕೆ.ಆರ್. ಪುರದ ಆಚೆಯ ಹಳ್ಳಿಗಳ ಬೀದಿಗೆ ಆಗಷ್ಟೇ ಮರ್ಕ್ಯುರಿ ಲೈಟು ಬರುತ್ತಿತ್ತು. ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಪಾದರಸ. ಕರೆಂಟು ಬಿಟ್ಟರೆ ಅದು ಕಾದು, ಆವಿಯಾಗಿ, ಬೆಳಕಾಗುತ್ತದೆ. ಸ್ವಿಚ್ಚು ಹಾಕಿದ ತಕ್ಷಣ ಧಗ್ಗೆಂದು ಹತ್ತುವ ಜಾತಿಯಲ್ಲ. ಮೊದಲು ಒಂದಿಷ್ಟು ನೇರಳೆ ಮಬ್ಬು, ಆಮೇಲೆ ತಿಳಿನೀಲಿ, ಐದು ನಿಮಿಷವಾದ ಮೇಲೆ ಬೀದಿಯೆಲ್ಲ ಬೆಳದಿಂಗಳು. ನಡುವೆ ಕರೆಂಟು ಹೋಗಿ ಬಂತೋ, ಮತ್ತೆ ತಣ್ಣಗಾಗುವವರೆಗೆ ಅದು ಜಪ್ಪಯ್ಯ ಅಂದರೂ ಹತ್ತುವುದಿಲ್ಲ. ಹೊಸ ಅಳಿಯನಿಗಿರುವಷ್ಟು ಬಿಗುಮಾನ ಅದಕ್ಕೆ.

ಅಂಥ ಒಂದು ಹಳ್ಳಿಯ ಮುನಿರಾಜಪ್ಪನ ಮನೆಯ ಮುಂದೆಯೇ ಒಂದು ಕಂಬ ಬಂತು. ಅದನ್ನು ಹತ್ತಿ ಲೈಟು ಹಾಕಿದವನು ಇಪ್ಪತ್ತಾರರ ಹುಡುಗ ಮುನಿವೆಂಕಟಪ್ಪ. ಕಂಬದ ಮೇಲಿಂದ ಮುನಿರಾಜಪ್ಪನ ಮಗಳು ರಾಗಿ ಕೇರುವುದನ್ನು ಕಂಡ. ಮನೆಗೆ ಹೋದವನೇ ಹೆಣ್ಣು ನೋಡುವ ಶಾಸ್ತ್ರಕ್ಕೆ ತಾಯಿಯನ್ನು ಒಪ್ಪಿಸಿ, ಮುನಿರಾಜಪ್ಪನಿಗೆ ಹೇಳಿ ಕಳಿಸಿದ. ಗೊತ್ತಾದ ದಿನ ಡ್ಯೂಟಿ ಮುಗಿಸಿಕೊಂಡು ಬಸ್ಸು ಹಿಡಿದು ತಾಯಿ ಮಗ ತಲುಪುವಾಗ ಸಂಜೆ ಕವಿದಿತ್ತು.

ಮುನಿರಾಜಪ್ಪನಿಗೋ ಹೊಸ ಲೈಟಿನ ಜಂಬ. ಮನೆಯೊಳಗೆ ಕರೆಂಟಿಲ್ಲ, ಲಾಟೀನು. ಬೀಗರು ಬಂದಾಗ ಲಾಟೀನಿನ ಮುಂದೆ ಮಗಳನ್ನು ಕೂರಿಸುವುದೇ? ಛೆ! ಹೊರಗೆ ಜಗಲಿಯ ಮೇಲೆ, ಸರ್ಕಾರದ ಮರ್ಕ್ಯುರಿ ಲೈಟಿನ ಕೆಳಗೆ, ಊರೆಲ್ಲ ನೋಡಲಿ ಎಂದು ಚಾಪೆ ಹಾಸಿದ. ಬೈರಮ್ಮ ಹೊಸ ಕೆಂಪು ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದು ಕೂತಳು.

ಮುನಿಯಣ್ಣನ ತಾಯಿ ನೋಡಿದಳು. ಇನ್ನೊಮ್ಮೆ ನೋಡಿದಳು. ಮಗನ ಕಿವಿ ಹಿಡಿದು ಪಕ್ಕಕ್ಕೆ ಎಳೆದಳು.

"ಏನ್ಲಾ ಇದು? ಮದ್ವೆ ಮಾತಿಗೆ ಕರಿ ಸೀರೆ ಉಡ್ಸಿ ಕೂರ್ಸವ್ರೆ! ಹಣೆಗೆ ಕಾಡಿಗೆ ಬಳ್ದವ್ರೆ! ಏಳು, ಕೊನೇ ಬಸ್ಸು ಸಿಕ್ತದೆ."

"ಅಮ್ಮಾ, ಅದು ಕೆಂಪು."

"ನಂಗೇನ್ ಕಣ್ಣಿಲ್ವಾ? ಎಲ್ಲೈತೋ ಕೆಂಪು?"

"ಐತಮ್ಮ. ನಿಂಗೆ ಕಾಣಲ್ಲ ಅಷ್ಟೆ."

ಅವನಿಗೆ ಗೊತ್ತಿತ್ತು. ಅವನ ಮೇಲಿನ ಎಂಜಿನಿಯರು ಗುರುರಾಜ್ ಹೇಳಿಕೊಟ್ಟಿದ್ದರು: ಪಾದರಸದ ಬೆಳಕಿನಲ್ಲಿ ನೀಲಿಯಿದೆ, ಹಸಿರಿದೆ, ಒಂಚೂರು ಹಳದಿಯೂ ಇದೆ, ಕೆಂಪು ಮಾತ್ರ ಇಲ್ಲ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಸೀರೆ ಎಲ್ಲಿಂದ ತಂದು ತೋರಿಸೀತು? ಮುನಿಯಣ್ಣ ದಡದಡನೆ ಮನೆಯೊಳಗೆ ನುಗ್ಗಿ, ಭಾವಿ ಮಾವನ ಮನೆ ಎಂಬ ನಾಚಿಕೆಯೂ ಇಲ್ಲದೆ ಲಾಟೀನು ಕಿತ್ತು ತಂದು ಬೈರಮ್ಮನ ಮುಂದೆ ಹಿಡಿದ. ಸೀರೆ ಭಗ್ಗೆಂದು ಕೆಂಪಾಯಿತು. ಕುಂಕುಮ ಕುಂಕುಮವಾಯಿತು. ಬೈರಮ್ಮ ತಲೆಯೆತ್ತಿ ಅವನ ಮುಖ ನೋಡಿದಳು, ಆಗಲೇ ಮದುವೆ ಆಗಿಹೋಯಿತು ಅಂತ ಇಟ್ಟುಕೊಳ್ಳಿ. ಉಳಿದದ್ದು ಛತ್ರದ ಖರ್ಚು.

ಹತ್ತು ವರ್ಷದ ಮೇಲೆ ಆ ಬೀದಿಗೆ ಹಳದಿ ಸೋಡಿಯಂ ಲೈಟು ಬಂದಾಗ ಹಳೆಯದನ್ನು ಇಳಿಸಿದವನೂ ಮುನಿಯಣ್ಣನೇ. ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಹಲಸೂರಿಗೆ ತಂದ. ವರ್ಷಕ್ಕೊಂದು ಸಲ, ಮದುವೆಯಾದ ದಿನದ ಸಂಜೆ, ತಾರಸಿಯ ಮೇಲೆ ಅದನ್ನು ಹತ್ತಿಸುತ್ತಾನೆ. ಅದೇ "ನಮ್ಮ ಲೈಟು".

ಈಗ ಆ ಲೈಟಿಗೇ ಸಂಚಕಾರ ಬಂದಿತ್ತು. ಮುನಿಯಣ್ಣ ತಲೆ ಕೆರೆದುಕೊಂಡ. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ಫೋನು ಬಂತು. ಜೀವನ್ ಬಿಮಾ ನಗರದಿಂದ ಅದೇ ಗುರುರಾಜ್, ಈಗ ಎಂಬತ್ತರ ಹತ್ತಿರದವರು.

"ರೀ ಮುನಿವೆಂಕಟಪ್ಪ, ಬುಧ ಬಂದಿದ್ದಾನೆ ಕಣ್ರೀ! ಈ ವಾರ ಪೂರ್ತಿ ಸಂಜೆ ಪಡುವಣದಲ್ಲಿ ಇರ್ತಾನೆ. ಶುಕ್ರ ಝಗಮಗ ಅಂತಿದ್ದಾನಲ್ಲ, ಅವನ ಕೆಳಗೆ, ಎಡಕ್ಕೆ, ಕೈ ಚಾಚಿದರೆ ನಾಲ್ಕು ಬೆರಳು ದೂರ. ಆರೂ ಐವತ್ತರಿಂದ ಅರ್ಧ ಗಂಟೆ ಅಷ್ಟೆ. ಆಮೇಲೆ ತಗ್ಗಿ ಮಂಜಿನಲ್ಲಿ ಮಸುಕಾಗ್ತಾನೆ."

ಈ ಬುಧನ ಹುಚ್ಚು ಹಿಡಿಸಿದವರೂ ಅವರೇ. ಇಂಗ್ಲಿಷಿನಲ್ಲಿ ಪಾದರಸಕ್ಕೂ ಬುಧನಿಗೂ ಮರ್ಕ್ಯುರಿ ಅಂತ ಒಂದೇ ಹೆಸರು, ಎರಡೂ ಕೈಗೆ ಸಿಗದೆ ಓಡುವ ಜಾತಿ, ಎಂದು ಕಂಬದ ಬುಡದಲ್ಲಿ ಚಹಾ ಕುಡಿಯುತ್ತ ಹೇಳಿದ್ದರು. ಎಂಬತ್ತೆಂಟೇ ದಿನಕ್ಕೆ ಸೂರ್ಯನನ್ನು ಒಂದು ಸುತ್ತು ಹಾಕುತ್ತಾನಂತೆ. ಸೂರ್ಯನಿಗೆ ಅಷ್ಟು ಹತ್ತಿರವಿರುವುದರಿಂದ ಆ ಬೆಳಕಿನಲ್ಲೇ ಮುಳುಗಿ, ಎಷ್ಟೋ ಜನ ಹುಟ್ಟಿ ಸಾಯುವವರೆಗೂ ಅವನನ್ನು ನೋಡಿರುವುದಿಲ್ಲವಂತೆ. ಮುನಿಯಣ್ಣನಿಗೆ ತಲೆಯೇ ತಿರುಗಿತ್ತು. ತಾನು ಇಷ್ಟು ಸಾವಿರ ಪುಟ್ಟ ಮರ್ಕ್ಯುರಿಗಳನ್ನು ಕಂಬಕ್ಕೇರಿಸಿದವನು, ದೊಡ್ಡದನ್ನು ನೋಡದೆ ಬಿಡುವುದೇ? ಮದುವೆಯಾದ ಹೊಸದರಲ್ಲಿ ಬೈರಮ್ಮನಿಗೆ ಮಾತು ಕೊಟ್ಟಿದ್ದ: "ನಿಮ್ಮ ಬೀದೀಲಿ ಹಾಕಿದ ಮರ್ಕ್ಯುರಿ ನೋಡಿದ್ದೀಯಲ್ಲ. ಆಕಾಶದ್ದೂ ತೋರಿಸ್ತೀನಿ."

ತೋರಿಸಿದ್ದೇ ತೋರಿಸಿದ್ದು! ಒಮ್ಮೆ ಅವನು ತೋರಿಸಿದ ಬುಧ ರೆಕ್ಕೆ ಚಾಚಿ ಎಚ್‌ಎಎಲ್ ವಿಮಾನ ನಿಲ್ದಾಣದ ಕಡೆ ಇಳಿಯಿತು. ಇನ್ನೊಂದು ಸಲದ ಬುಧ ಮೊಬೈಲ್ ಟವರಿನ ತುದಿಯಲ್ಲಿ ಮಿಟುಕುತ್ತಿತ್ತು. ಮೂರು ಸಲ ಶುಕ್ರ. ಒಮ್ಮೆ ಯಾರೋ ಬಿಟ್ಟ ದೀಪದ ಗಾಳಿಪಟ. ಮಿಕ್ಕ ವರ್ಷಗಳಲ್ಲಿ ಮೋಡ.

ಫೋನಿಟ್ಟವನೇ ಮುನಿಯಣ್ಣ ಎದೆಯುಬ್ಬಿಸಿದ. "ಬೈರೀ, ಪಂಥ! ಶನಿವಾರದೊಳಗೆ ನಿನ್ನ ಕಣ್ಣಿಗೆ ಬುಧ ಕಂಡ್ರೆ ನಮ್ಮ ಲೈಟೂ ಉಳೀಬೇಕು, ಕೋಣೆನೂ ಉಳೀಬೇಕು."

"ಕಾಣ್ದಿದ್ರೆ?"

"ಭಾನುವಾರ ಶೌಕತ್ ಗಾಡಿಗೆ ನಾನೇ ಎತ್ತಿ ಇಡ್ತೀನಿ."

"ಮುನೇಶ್ವರನ ಮೇಲೆ ಆಣೆ?" ಎಂದಳು ಬೈರಮ್ಮ. ಮೊಸರು ಮೆತ್ತಿದ ಪಟದ ಮೇಲೆ ಕೈಯಿಟ್ಟು ಮುನಿಯಣ್ಣ ಆಣೆ ಮಾಡಿದ.

ಮಂಗಳವಾರ ತೋರಿಸಿದ್ದು ಎಂ.ಜಿ. ರೋಡಿನ ಯಾವುದೋ ಕಟ್ಟಡದ ನೆತ್ತಿಯ ದೀಪ. ಬುಧವಾರ, ಹೆಸರಿಗೆ ಅವನದೇ ವಾರ, ಮೋಡ. ಗುರುವಾರ ಮುನಿಯಣ್ಣ ಅರ್ಧ ಗಂಟೆ ಕಣ್ಣು ಕಿರಿದು ಮಾಡಿ ನೋಡಿ, "ಥೂ, ಎಲ್ಲಾ ಈ ಎಲ್‌ಇಡಿಗಳ ಕಾಟ! ಒಂದೊಂದು ಲೈಟಿನ ಸುತ್ತಲೂ ಬಳೆ ಬಳೆ. ನಮ್ಮ ಕಾಲದ ಲೈಟು ಎಷ್ಟು ನಿಚ್ಚಳ ಇತ್ತು" ಎಂದು ಬೈದ. ಎರಡು ವರ್ಷದಿಂದ ಅವನಿಗೆ ಊರಿನ ಲೈಟುಗಳೆಲ್ಲ ಕೆಟ್ಟಿದ್ದವು. ಎದುರು ಬರುವ ಗಾಡಿಯ ಲೈಟು ಸರಿಯಿಲ್ಲ, ಟೀವಿ ಸರಿಯಿಲ್ಲ, ಕೊನೆಗೆ ಚಂದ್ರನ ಅಂಚೂ ಸರಿಯಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕಣ್ಣಾಸ್ಪತ್ರೆಗೆ ಬನ್ನಿ ಅಂದ್ರೆ ಕೇಳಲ್ಲ" ಎಂದಳು ಬೈರಮ್ಮ.

"ವೈರ್‌ಮನ್ ಕಣ್ಣು ಕಣೇ ಇದು! ಕಂಬದ ಮೇಲಿಂದ ನೆಲದ ಇರುವೆ ಎಣಿಸಿದ್ದೀನಿ. ಇದಕ್ಕೆ ಕತ್ತರಿ ಹಾಕ್ಸೋದಾ?" ಕರೆಂಟಿಗೆ ಹೆದರದ ಮನುಷ್ಯ, ಕಣ್ಣಿನ ಡಾಕ್ಟರಿಗೆ ಬೆವರುತ್ತಿದ್ದ.

ಶುಕ್ರವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಆದರೆ ಶುಕ್ರನ ಎಡಕ್ಕೆ, ಕೆಳಗೆ, ನಾಲ್ಕು ಬೆರಳಿನ ಆ ಜಾಗದ ಮಗ್ಗುಲಿಗೇ ಸರಿಯಾಗಿ ಕೆಂಪರಾಜನ ಪೀಜಿಯ ಬೋರ್ಡು! ಹಸಿರು, ನೀಲಿ, ಗುಲಾಬಿ, ಮತ್ತೆ ಹಸಿರು, ಹುಚ್ಚು ಹಿಡಿದ ಹಾಗೆ ಕುಣಿಯುತ್ತಿತ್ತು. ಕೆಂಪರಾಜ ಮುನಿಯಣ್ಣನ ದಾಯಾದಿ. ಹಳೇ ತೋಟದ ಜಾಗದಲ್ಲಿ ಐದಂತಸ್ತು ಎಬ್ಬಿಸಿ ಹುಡುಗರಿಗೆ ರೂಮು ಬಾಡಿಗೆ ಕೊಡುವವನು. ಮುನಿಯಣ್ಣ ಶನಿವಾರ ಬೆಳಿಗ್ಗೆಯೇ ಅವನ ಮುಂದೆ ನಿಂತ.

"ಇವತ್ತು ಸಂಜೆ ಅರ್ಧ ಗಂಟೆ ಆ ಬೋರ್ಡು ಆರಿಸ್ಬಿಡೋ."

"ಯಾಕಣ್ಣ? ಶನಿವಾರ ಹೊಸ ಹುಡುಗರು ರೂಮ್ ನೋಡಕ್ ಬರ್ತಾರೆ."

ಪಂಥ ಎಂದರೆ ನಗುತ್ತಾನೆ. ಮುನಿಯಣ್ಣನ ಬಾಯಿಗೆ ಆ ಕ್ಷಣ ಏನು ಬಂತೋ ಅದನ್ನೇ ಹೇಳಿಬಿಟ್ಟ: "ಬುಧ ಕಾಣ್ತಾನೆ ಕಣೋ. ವಿದ್ಯೆಗೆ ಅಧಿಪತಿ. ನಿನ್ನ ಮಗಳು ಶ್ವೇತಂದು ಈ ತಿಂಗಳೇ ಎಸ್ಸೆಸ್ಸೆಲ್ಸಿ ಅಲ್ವಾ? ಒಂದ್ಸಲ ಕಣ್ತುಂಬ ನೋಡಿದ್ರೆ ಗಣಿತ ನೀರು ಕುಡಿದಂಗೆ."

ಅಷ್ಟೇ ಅವನು ಹೇಳಿದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಲ್ಲಿ ಅದು. ಹನ್ನೊಂದು ಗಂಟೆಗೆ ಹೂವಿನವಳ ಹತ್ತಿರ ಆ ಮಾತು ಬುಧ ದರ್ಶನವಾಗಿತ್ತು. ಹನ್ನೆರಡಕ್ಕೆ ಬೇಕರಿಯಲ್ಲಿ ಅದು ನೂರು ವರ್ಷಕ್ಕೊಮ್ಮೆ ಬರುವ ಬುಧ ದರ್ಶನ. ಮೂರು ಗಂಟೆಗೆ, ಮನೆಯ ದೀಪ ಆರಿಸದವರ ಮಕ್ಕಳಿಗೆ ಮಾರ್ಕ್ಸು ಬರುವುದಿಲ್ಲ ಎಂದಾಯಿತು. ನಾಲ್ಕಕ್ಕೆ ಬೀದಿದೀಪದ ಈಗಿನ ಲೈನ್‌ಮನ್ ಮಧುಕರ್ ಸ್ಕೂಟರ್ ನಿಲ್ಲಿಸಿ ಮೆಲ್ಲಗೆ ಕೇಳಿದ, "ಅಣ್ಣ, ನಮ್ಮುಡುಗ್ನೂ ಎಸ್ಸೆಸ್ಸೆಲ್ಸಿ. ಈ ಗಲ್ಲಿ ಲೈಟು ಇಪ್ಪತ್ತು ನಿಮಿಷ ತಡವಾಗಿ ಹತ್ತಿದ್ರೆ ಯಾರಾದ್ರೂ ಬೈತಾರಾ?" ಮುನಿಯಣ್ಣನಿಗೆ ನಗು ತಡೆಯಲಾಗಲಿಲ್ಲ, ಭಯವೂ ತಡೆಯಲಾಗಲಿಲ್ಲ. ಬುಧ ಕಾಣದಿದ್ದರೆ ಇವರೆಲ್ಲ ಸೇರಿ ತನ್ನನ್ನೇ ಕಂಬಕ್ಕೇರಿಸುತ್ತಾರೆ!

ರಂಜಾನ್ ತಿಂಗಳು. ಶೌಕತ್ ಖರ್ಜೂರದ ಡಬ್ಬಿ ಹಿಡಿದುಕೊಂಡು ಆರು ಗಂಟೆಗೇ ಮುನಿಯಣ್ಣನ ತಾರಸಿಗೆ ಬಂದ. ಮಸೀದಿಯ ಬಾಂಗ್ ಕೇಳಿದ ಮೇಲೆ ಖರ್ಜೂರ ತಿಂದು, ಬೈರಮ್ಮ ಕೊಟ್ಟ ಪಾನಕ ಎರಡು ಲೋಟ ಕುಡಿದು, ಮೂಲೆಯಲ್ಲಿ ನಮಾಜು ಮುಗಿಸಿ, "ಎಲ್ಲಿ ಭಾಯ್ ನಿನ್ನ ಮರ್ಕ್ಯುರಿ? ನಾಳೆ ಗಾಡಿ ತರ್ಲಾ ಬೇಡ್ವಾ?" ಎಂದು ಹಲ್ಲು ಕಿರಿದ. "ಬಾಯ್ಮುಚ್ಚು" ಎಂದ ಮುನಿಯಣ್ಣ.

ಆರೂ ನಲವತ್ತೈದು. ಗಲ್ಲಿಯ ದೀಪಗಳು ಒಂದೊಂದಾಗಿ ಆರಿದವು. ಬೇಕರಿ ಆರಿತು, ಮೆಡಿಕಲ್ ಶಾಪು ಆರಿತು, ಕೆಂಪರಾಜನ ಬೋರ್ಡು ಗುಲಾಬಿಯಲ್ಲಿ ಒಮ್ಮೆ ಮಿಟುಕಿ ಆರಿತು. ಬೀದಿದೀಪ ಹತ್ತಲೇ ಇಲ್ಲ. ಇಡೀ ಜನ್ಮ ಈ ಗಲ್ಲಿಗಳಿಗೆ ಬೆಳಕು ಹಾಕಿದವನು ಕತ್ತಲೆ ಬರಲಿ ಎಂದು ಕೈ ಮುಗಿದು ನಿಂತಿದ್ದ. ಸುತ್ತ ತಾರಸಿಗಳ ಮೇಲೆ ಜನವೋ ಜನ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತಲೆ ಬಾಚಿ ವಿಭೂತಿ ಹಚ್ಚಿ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಒಬ್ಬ ಮಹಾತಾಯಿ ಮಗನ ಕೈಗೆ ಗಣಿತದ ಪುಸ್ತಕವನ್ನೇ ಕೊಟ್ಟಿದ್ದಳು.

ಶುಕ್ರ ಹೊಳೆಯುತ್ತಿದ್ದ. ಕೆಳಗೆ ಕಿತ್ತಳೆ ಬಣ್ಣದ ಬಾನು. ಒಂದು ನಿಮಿಷ, ಎರಡು ನಿಮಿಷ ಆಯಿತು. ಆಮೇಲೆ ಕೆಂಪರಾಜನ ತಾರಸಿಯಿಂದ ಶ್ವೇತ ಕಿರುಚಿದಳು:

"ಅಗೋ! ಅಗೋ ಅಲ್ಲಿ!"

"ಹೂಂ ಕಣ್ರೋ! ಅಗೋ!" ಎಂದಿತು ಪಕ್ಕದ ತಾರಸಿ. ಶಿಳ್ಳೆ, ಚಪ್ಪಾಳೆ, ಯಾರೋ ಜಾಗಟೆ ಬಾರಿಸಿದರು. ಶೌಕತ್ ಕುಣಿದೇಬಿಟ್ಟ. "ದಿಖ್ಯಾ ಭಾಯ್, ದಿಖ್ಯಾ! ಭಾಬಿ, ನಿಮಗೆ ಕಾಣ್ತಾ?"

ಮುನಿಯಣ್ಣ ಹೆಂಡತಿಯ ಮುಖ ನೋಡಿದ. ಇಲ್ಲ ಎಂದರೆ ಮುಗಿಯಿತು, ಲೈಟು ಗಾಡಿಗೆ, ಕೋಣೆ ದೇವರಿಗೆ. ಅವಳ ಕಣ್ಣಿನೊಳಗೆ ಹೊಕ್ಕು ನೋಡುವವರು ಯಾರು? ಬೈರಮ್ಮ ಹಣೆಗೆ ಕೈ ಅಡ್ಡ ಹಿಡಿದು ಪಡುವಣವನ್ನು ನೋಡಿದಳು.

"ಕಾಣ್ತು" ಎಂದಳು ಶೌಕತ್‌ಗೆ. "ಗೆದ್ದುಬಿಟ್ರು ನಿಮ್ಮ ದೋಸ್ತು."

ಮುನಿಯಣ್ಣ ಶೌಕತ್‌ನನ್ನು ತಬ್ಬಿಕೊಂಡ, ನೀರಿನ ಟ್ಯಾಂಕನ್ನು ತಬ್ಬಿಕೊಂಡ. "ನೋಡ್ದ್ಯಾ? ನಲವತ್ತೆರಡು ವರ್ಷ ಆದ್ರೂ ತೋರಿಸ್ದೆನಾ ಇಲ್ವಾ? ಅಗೋ ನೋಡು, ಹೆಂಗೆ ಹೊಳೀತಾನೆ!" ಎಂದು ಬೆರಳು ಚಾಚಿದ.

ಬೈರಮ್ಮ ಬುಧನನ್ನು ಬಿಟ್ಟು ಅವನ ಬೆರಳನ್ನು ನೋಡಿದಳು. ಅದು ಶುಕ್ರನ ಬಲಕ್ಕೆ ಚಾಚಿತ್ತು. ಅವಳು ಅವನ ಮಣಿಕಟ್ಟು ಹಿಡಿದು ಮೆಲ್ಲಗೆ ಎಡಕ್ಕೆ, ಕೆಳಕ್ಕೆ ತಂದಳು.

"ಇಲ್ಲಿ."

"ಹೂಂ, ಅಲ್ಲೇ. ನಾನೂ ಅಲ್ಲೇ ತೋರಿಸಿದ್ದು."

"ಯಾವ ಬಣ್ಣ ಹೇಳಿ."

ಮುನಿಯಣ್ಣ ಕಣ್ಣು ಕಿರಿದು ಮಾಡಿದ. ಶುಕ್ರ ಶಾವಿಗೆ ಕೆದರಿದ ಹಾಗಿದ್ದ, ಅವನ ಸುತ್ತ ಬಳೆ. ಕೆಳಗೆ ಬರೀ ಕಲಸಿದ ಬೆಳಕು, ಮತ್ತೇನೂ ಇಲ್ಲ. ಈಗ ಗಲ್ಲಿಯಲ್ಲಿ ಬೈಯಲು ಒಂದು ಎಲ್‌ಇಡಿಯೂ ಉಳಿದಿರಲಿಲ್ಲ. ಆದರೂ ಮರ್ಕ್ಯುರಿಯ ಬಣ್ಣ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನೀಲಿ" ಎಂದ ಧೈರ್ಯವಾಗಿ. "ನಮ್ಮ ಲೈಟಿನ ಥರ, ತಿಳಿನೀಲಿ."

ಬೈರಮ್ಮ ಕೈ ಬಿಡಲಿಲ್ಲ. "ಕೆಂಪಗಿದೆ ರೀ" ಎಂದಳು ಶೌಕತ್‌ಗೆ ಕೇಳದ ಹಾಗೆ. "ಬಾನಂಚಿಗೆ ಇಳಿದಿದ್ದಾನಲ್ಲ, ಕೆಂಪಗಾಗಿದ್ದಾನೆ."

"ಕೆಂಪಾ? ಮರ್ಕ್ಯುರಿ ಎಲ್ಲಾದ್ರೂ ಕೆಂಪಗಿರುತ್ತಾ?" ಅವನ ದನಿ ಇಳಿದುಹೋಯಿತು. "ಬೈರೀ, ನಿಜವಾಗ್ಲೂ ಐತಾ ಅಲ್ಲಿ?"

"ಇದೆ ರೀ. ನಿಮಗೆ ಕಾಣಲ್ಲ ಅಷ್ಟೆ."

ಜಗಲಿಯ ಮೇಲೆ ತಾಯಿಗೆ ತಾನು ಹೇಳಿದ್ದ ಮಾತು ಅದು. ಬೈರಮ್ಮ ಅಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತು ಕೇಳಿಸಿಕೊಂಡಿದ್ದಳು, ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಮುನಿಯಣ್ಣನಿಗೆ ನಗು ಬಂತು, ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು.

"ಶೌಕತ್" ಎಂದು ಕೂಗಿದ. "ನಾಳೆ ಗಾಡಿ ತಗೊಂಡ್ ಬಾ. ನಮ್ಮ ಲೈಟು ಒಂದು ಬಿಟ್ಟು ಎಲ್ಲಾ ತುಂಬು. ಆ ಕೋಣೆ ದೇವ್ರಿಗೆ."

"ಅರೇ, ಗೆದ್ದೋನು ನೀನಲ್ವಾ?"

"ಗೆದ್ದೋನು ಹೇಳ್ತಿದ್ದೀನಿ, ಕೇಳು." ಆಮೇಲೆ ಹೆಂಡತಿಯ ಕಡೆ ತಿರುಗಿ ಸಣ್ಣಗೆ ಕೇಳಿದ, "ಆ ಕಣ್ಣಾಸ್ಪತ್ರೆ ಸೋಮವಾರ ಎಷ್ಟೊತ್ತಿಗೆ ತೆಗೀತಾರೆ?"

"ಒಂಬತ್ತಕ್ಕೆ. ನಾನೂ ಬರ್ತೀನಿ."

"ನೀನೇನು ತರ್ತೀಯಾ, ಲಾಟೀನಾ?"

"ಬಾಯಿ ಮುಚ್ಕೊಂಡು ನೋಡಿ ಆ ಕಡೆ" ಎಂದು ಬೈರಮ್ಮ ಗದರಿದಳು. ಗಲ್ಲಿಯ ದೀಪಗಳು ಮತ್ತೆ ಹತ್ತತೊಡಗಿದವು, ಮಕ್ಕಳು ಇಳಿದು ಹೋದರು, ಕೆಂಪರಾಜನ ಬೋರ್ಡು ಹಸಿರಾಯಿತು. ಮುನಿಯಣ್ಣ ಮಾತ್ರ ಅಲ್ಲಾಡಲಿಲ್ಲ.

"ಹೋದ್ನಾ?" ಎಂದು ಕೇಳಿದ.

ಬೈರಮ್ಮ ಅವನ ಬೆರಳನ್ನು ಬೋರ್ಡಿನ ಪಕ್ಕಕ್ಕೆ ಒಂಚೂರು ಸರಿಸಿ ಹಿಡಿದಳು. "ಇಲ್ಲ ರೀ, ಇನ್ನೂ ಇದ್ದಾನೆ" ಎಂದಳು.